ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ಅಕ್ಕಿ-ಖೀಮೆಯ ಉಂಡೆಗಳು

ಕಳೆದ ಮಳೆಗಾಲದಲ್ಲಿ ಖಾನಾಪುರದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೊಂದು ಪ್ರಶ್ನೆಯನ್ನು ಬರೆದು ಕಳಿಸಿದ್ದಳು. ತನ್ನ ತಾಯಿಯು ವರ್ಷಕ್ಕೆ ಮೂರು ನಾಲ್ಕು ಸಲ ಮಾಡುತ್ತಿದ್ದ ಖೀಮೆಯ ಉಂಡೆಗಳನ್ನು ಆಕೆಯೂ ಮಾಡಹೋದಳಂತೆ. ಮೇಲೆ ನೋಡಲು ಉಂಡೆಗಳು ಚೆನ್ನಾಗಿಯೇ ಬಂದವು. ಒಡೆದು ನೋಡಿದರೆ ನಡುವಿನ ಅಕ್ಕಿಯು ಹಲ್ಲಿಗೆ ಹರಳಿನಂತೆ ಸಿಕ್ಕಿತು. ಮರುಸಲ ಬುದ್ಧಿವಂತಿಕೆ ಮಾಡಿ ಅಕ್ಕಿಯ ಬದಲು ಅನ್ನವನ್ನೇ ಬೆರೆಸಿದಳು. ಆಗ ಅರ್ಧ ಉಂಡೆಗಳು ಗೊಜ್ಜಿನಲ್ಲಿ ಒಡೆದು ಕದಡಿಹೋದವು. ಉಳಿದವು ಚೆಂಡಿನಂತೆ ಗಟ್ಟಿಯಾದವು. “ನಮ್ಮವ್ವ ಏನು ಮಾಡುತ್ತಿದ್ದಳು?” ಎಂಬುದೇ ಆಕೆಯ ಪ್ರಶ್ನೆ. ಆ ತಾಯಿಯು ಈಗ ಇಲ್ಲ. ಅಳತೆಯನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಕೈಯಳತೆ ಕಣ್ಣಳತೆಗಳು ಆಕೆಯೊಡನೆಯೇ ಹೋದವು. ಇಂಥ ಪ್ರಶ್ನೆಯನ್ನು ಬೇರೆ ಕೆಲವು ಮನೆಗಳವರೂ ನಮ್ಮನ್ನು ಕೇಳಿರುವದರಿಂದ, ಒಬ್ಬಳಿಗೆ ಬರೆಯತಕ್ಕ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಬರೆಯುತ್ತೇವೆ.

ಮೊದಲು ಈ ಪದಾರ್ಥದ ಕುಲಗೋತ್ರವನ್ನಿಷ್ಟು ಹೇಳಬೇಕು. ಮಾಂಸವನ್ನು ಕುಟ್ಟಿ ಉಂಡೆ ಕಟ್ಟುವ ಪದ್ಧತಿಗೆ ನಮ್ಮ ದೇಶದಲ್ಲಿ ಕೋಫ್ತಾ ಎಂದು ಹೆಸರು. ಅದು ಪಾರಸಿ ಶಬ್ದ. ಕುಟ್ಟುವದು ಎಂದೇ ಅದರ ಮೂಲಾರ್ಥ. ಇರಾನದ ತಬ್ರೀಜ್ ಪಟ್ಟಣದ ಹೆಸರಾದ ಕೋಫ್ತೆಯಲ್ಲಿ ಮಾಂಸದೊಡನೆ ಅಕ್ಕಿಯನ್ನೂ ಬೇಳೆಯನ್ನೂ ಕೂಡಿಸುತ್ತಾರೆ. ತುರ್ಕರು ಬೆಂದ ಅನ್ನವನ್ನು ಬೆರೆಸಿ, ಮೊಟ್ಟೆಯಲ್ಲದ್ದಿ ಕರಿಯುತ್ತಾರೆ. ಗ್ರೀಕರು ಹಸಿ ಅಕ್ಕಿಯನ್ನು ಬೆರೆಸಿ ಸಾರಿನಲ್ಲಿ ಕುದಿಸಿ, ಕಡೆಗೆ ನಿಂಬೆಯ ರಸವನ್ನೂ ಮೊಟ್ಟೆಯನ್ನೂ ಕಡೆದು ಹಾಕುತ್ತಾರೆ. ಅಮೇರಿಕೆಯಲ್ಲಿ ೧೯೩೦ರ ದಶಕದ ಕಡುಕಷ್ಟದ ದಿನಗಳಲ್ಲಿ, ಸ್ವಲ್ಪ ಮಾಂಸದಿಂದ ದೊಡ್ಡ ಸಂಸಾರವನ್ನು ಉಣಿಸಬೇಕಾದ ಗೃಹಿಣಿಯರಲ್ಲಿ ಇದೇ ಉಂಡೆಯು ಟೊಮೆಟೊ ಗೊಜ್ಜಿನೊಡನೆ ಬಹಳ ಬಳಕೆಗೆ ಬಂದಿತು. ಬೆಂದ ಅಕ್ಕಿಯ ಕಾಳುಗಳು ಉಂಡೆಯ ಮೈಯಿಂದ ಹೊರಗೆ ಚಾಚಿಕೊಂಡು ನಿಲ್ಲುವದರಿಂದ ಅವರು ಇದಕ್ಕೆ ಮುಳ್ಳುಹಂದಿಯ ಹೆಸರಿಟ್ಟರು. ಭೀಮಗಡದ ಕಾಡಂಚಿನಲ್ಲಿ ಗೆಡ್ಡೆಗೆಣಸು ಬೆಳೆಯುವ ನಮ್ಮ ಖಾನಾಪುರದ ರೈತನಿಗೆ ಮುಳ್ಳುಹಂದಿಯೆಂದರೆ ಊಟದ ನೆನಪಾಗುವದಿಲ್ಲ, ಹೊಲದ ಲುಕ್ಸಾನಿನ ನೆನಪಾಗುವದು. ಆದುದರಿಂದ ಆ ಹೆಸರು ನಮ್ಮಲ್ಲಿ ನಿಲ್ಲದೆ ಹೋದುದು ಒಳ್ಳೆಯದೇ ಆಯಿತು.

ಬೆಳಗಾವಿಯಲ್ಲಿ ಇಂಥ ಅಡಿಗೆಗೆ ನೆಲವು ಹದವಾಗಿಯೇ ಇತ್ತು. ಇಲ್ಲಿ ಇಂಗ್ಲಿಷರ ದಂಡಿನ ಠಾಣೆಯಿತ್ತು. ಇಂದಿಗೂ ಆ ಭಾಗವನ್ನು ಕ್ಯಾಂಪು ಎಂದೇ ಕರೆಯುತ್ತೇವೆ. ೧೮೨೦ರಲ್ಲಿ ಲಂಡನ್ ಮಿಷನ್ನಿನವರು ಇಲ್ಲಿ ಕೆಲಸವನ್ನಾರಂಭಿಸಿದರು; ೧೯೦೪ರಲ್ಲಿ ಅದು ಅಮೇರಿಕನ್ ಮೆಥೋಡಿಸ್ಟ ಮಿಷನ್ನಿಗೆ ಸೇರಿತು. ನಗರದ ಮುಸಲ್ಮಾನರ ಮನೆಗಳಲ್ಲಿ ಕೋಫ್ತೆಯು ಹಳೆಯದು. ದಕ್ಷಿಣಕ್ಕೆ ಖಾನಾಪುರ, ಲೋಂಡಾಗಳ ದಾರಿ ಹಿಡಿದರೆ ಗೋವೆ. ಆ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಶಿರ್ಕಾ, ಲವಂಗ, ದಾಲ್ಚಿನ್ನಿಗಳ ರೂಢಿ. ಹೀಗೆ ನಮ್ಮ ಮನೆಗಳ ಉಂಡೆಯಲ್ಲಿ ಕೋಫ್ತೆಯ ಮಸಾಲೆ, ಇಂಗ್ಲಿಷರ ಭಟ್ಟಿ, ಗೋವೆಯ ಹುಳಿ ಇವು ಮೂರೂ ಕೂಡಿಕೊಂಡಿವೆ. ಅಕ್ಕಿಯು ಮಾತ್ರ ಖಾನಾಪುರದ್ದು.

ಇನ್ನು ಮಾಂಸದ ಮಾತು. ಇದು ಮೊದಲಿನಿಂದಲೂ ಬಡವರ ಅಡಿಗೆ. ಕುರಿಯ ಮಾಂಸ ಕೊಳ್ಳಲು ಶಕ್ತಿಯಿಲ್ಲದ ಮನೆಯವರು ದೊಡ್ಡ ದನದ ಮಾಂಸವನ್ನು ಅರ್ಧ ಸೇರು ತಂದು, ಅಕ್ಕಿ ಬೆರೆಸಿ, ಏಳೆಂಟು ಜನರಿಗೆ ಬಡಿಸುತ್ತಿದ್ದರು. ಆ ಕಾಲದ ಅಳತೆ ಈಗ ಬದಲಾಗಿದೆ, ಮಾಂಸವೂ ಬದಲಾಗಿದೆ. ಕರ್ನಾಟಕದ ೧೯೬೪ರ ಕಾಯಿದೆಯಲ್ಲಿ ೧೨ ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅನುಮತಿಯಿತ್ತು. ೨೦೨೦ರ ಹೊಸ ಕಾಯಿದೆಯು ೨೦೨೧ರ ಜನವರಿಯಿಂದ ಆಚರಣೆಗೆ ಬಂದ ತರುವಾಯ ಆಕಳು, ಕರು, ಹೋರಿ, ಎತ್ತುಗಳೆಲ್ಲ ನಿಷೇಧಕ್ಕೆ ಒಳಗಾದವು. ೧೩ ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ, ನೇಮಿತ ಅಧಿಕಾರಿಯ ಪ್ರಮಾಣಪತ್ರವಿದ್ದಲ್ಲಿ, ಅವಕಾಶ ಉಳಿಯಿತು. ಬೆಳಗಾವಿಯಿಂದ ಗೋವೆಗೆ ಹೋಗುತ್ತಿದ್ದ ಸರಬರಾಯಿಯೂ ಆಗ ಕುಂಠಿತವಾಯಿತು. ಕಾಯಿದೆಯ ವಿಷಯದಲ್ಲಿ ವಾದವನ್ನು ಬೆಳೆಸಲು ಈ ಲೇಖವು ತಕ್ಕ ಸ್ಥಳವಲ್ಲ. ಅಡಿಗೆಮನೆಗೆ ಸಂಬಂಧಪಟ್ಟ ಸಂಗತಿ ಇಷ್ಟೇ: ಈಗ ನಿಯಮಬದ್ಧವಾಗಿ ದೊರೆಯುವ ದೊಡ್ಡ ಮಾಂಸವೆಂದರೆ ಹದಿಮೂರು ವರ್ಷ ದಾಟಿದ ಮುದಿ ಎಮ್ಮೆಯದು ಇಲ್ಲವೆ ಕೋಣದ್ದು. ಹಳೆಯ ಪುಸ್ತಕಗಳಲ್ಲಿ ಬರೆದ ಹೊತ್ತೂ ಕಾವೂ ಎಳೆಯ ಮಾಂಸಕ್ಕೆ ಹೇಳಿದವು. ಅವನ್ನೇ ನಂಬಿ ಕುಳಿತರೆ ಅಡಿಗೆ ಕೆಡುವದು.

ಮುದಿ ಪ್ರಾಣಿಯ ಮಾಂಸವು ಬಿರುಸು ಯಾಕೆ? ಸ್ನಾಯುವಿನ ಎಳೆಗಳನ್ನು ಕಟ್ಟಿ ಹಿಡಿದಿರುವ ನಾರುಗಳು ವಯಸ್ಸಾದಂತೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಒಣ ಉರಿಯಲ್ಲಿ ಹುರಿದರೆ ಅವು ಸೆಟೆದುಕೊಳ್ಳುವವೇ ಹೊರತು ಮೆತ್ತಗಾಗುವದಿಲ್ಲ. ಹಸಿಯಾದ ಕಾವಿನಲ್ಲಿ, ಅವಸರವಿಲ್ಲದೆ, ಗಂಟೆಗಟ್ಟಲೆ ಬೆಂದರೆ ಅದೇ ನಾರು ಕರಗಿ ಅಂಟುರಸವಾಗಿ, ಗೊಜ್ಜಿಗೆ ಹೊಳಪನ್ನೂ ನಾಲಿಗೆಗೆ ಮೃದುತ್ವವನ್ನೂ ಕೊಡುವದು. ಖೀಮೆಯು ಹಲ್ಲು ಮಾಡಬೇಕಾದ ಕೆಲಸದ ಅರ್ಧವನ್ನು ಮೊದಲೇ ಮುಗಿಸಿಕೊಡುತ್ತದೆ. ಮಿಕ್ಕ ಅರ್ಧವನ್ನು ಗೊಜ್ಜೂ ಹೊತ್ತೂ ಮಾಡಬೇಕು. ಮೇಲಾಗಿ ಎಮ್ಮೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ಕಾವು ತಗಲಿದ ಕೂಡಲೆ ಮಾಂಸವು ಕುಗ್ಗಿ ತನ್ನ ರಸವನ್ನು ಹೊರಗೆ ಹಿಂಡುತ್ತದೆ. ಕೊಬ್ಬಿಲ್ಲದ ಉಂಡೆಯು ಆಗ ಒಣಗಿ ಚೆಂಡಾಗುವದು. ಇಲ್ಲಿಯೇ ಹಸಿ ಅಕ್ಕಿಯ ಉಪಯೋಗವು ಕಾಣಬರುವದು. ಮಾಂಸವು ಬಿಟ್ಟ ರಸವನ್ನು ಪಕ್ಕದಲ್ಲಿರುವ ಅಕ್ಕಿಯ ಕಾಳು ಹೀರಿಕೊಂಡು ಉಬ್ಬುತ್ತದೆ. ಉಬ್ಬುವಾಗ ಮಾಂಸದ ಕಣಗಳನ್ನು ಒಂದರಿಂದೊಂದು ಸರಿಸಿ ಉಂಡೆಯನ್ನು ಸಡಿಲಗೊಳಿಸುತ್ತದೆ. ರಸವು ಉಂಡೆಯೊಳಗೇ ಉಳಿಯಿತು, ಉಂಡೆಯೂ ಮೆತ್ತಗಾಯಿತು. ಬೆಂದ ಅನ್ನವಾದರೋ ಹೊಟ್ಟೆ ತುಂಬಿದ ಅತಿಥಿಯ ಹಾಗೆ. ಅದು ಇನ್ನೇನನ್ನೂ ಹೀರಲಾರದು. ಖಾನಾಪುರದ ನಮ್ಮ ತಂಗಿಯ ಎರಡನೆಯ ಪ್ರಯತ್ನವು ಕೆಟ್ಟುದಕ್ಕೆ ಕಾರಣವು ಇದೇ.

ಹಸಿ ಅಕ್ಕಿಯ ಪರವಾಗಿ ಇದಕ್ಕಿಂತ ದೊಡ್ಡದಾದ ಇನ್ನೊಂದು ಮಾತಿದೆ. ಮಕ್ಕಳ ತಾಯಂದಿರು ಇದನ್ನು ಲಕ್ಷ್ಯಗೊಟ್ಟು ಓದಬೇಕೆಂದು ನಮ್ಮ ಬಿನ್ನಹ. ಇಡಿಯಾದ ಮಾಂಸದ ತುಂಡಿನಲ್ಲಿ ರೋಗದ ಕ್ರಿಮಿಗಳು ಸಾಮಾನ್ಯವಾಗಿ ಮೇಲ್ಮೈಯಲ್ಲಿರುತ್ತವೆ. ಮೇಲಿನ ಕಾವಿಗೆ ಅವು ಬೇಗನೆ ಸಾಯುತ್ತವೆ. ಖೀಮೆ ಮಾಡಿದಾಗ ಹೊರಗಿನದೆಲ್ಲ ಒಳಗಾಗಿ, ಯಂತ್ರದ ಸಂದಿಯಲ್ಲಿದ್ದ ಹೊಲಸೂ ಅದರೊಡನೆ ಕಲೆತು, ಕ್ರಿಮಿಗಳು ಉಂಡೆಯ ನಟ್ಟನಡುವಿನವರೆಗೆ ಹೋಗುತ್ತವೆ. ಆದುದರಿಂದ ಖೀಮೆಯ ನಡುಭಾಗಕ್ಕೆ ೭೧ ಅಂಶ ಸೆಂಟಿಗ್ರೇಡಿನ ಕಾವು ತಲುಪಲೇಬೇಕೆಂದು ಆಹಾರಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಅಡಿಗೆಗೆ ಉಷ್ಣಮಾಪಕವನ್ನು ಇಟ್ಟುಕೊಂಡವರು ಎಷ್ಟು ಜನ? ಮಾಂಸದ ಬಣ್ಣವನ್ನು ನೋಡಿ ಬೆಂದಿತೋ ಇಲ್ಲವೋ ಎಂದು ಹೇಳುವದೂ ಸುಳ್ಳಾಗಬಹುದು. ಟೊಮೆಟೊದ ಕೆಂಪಿನಲ್ಲಿ ಹಸಿಗೆಂಪು ಅಡಗಿಹೋಗುವದು. ಆದರೆ ಅಕ್ಕಿಯ ಹಿಟ್ಟಿನಂಶವು ನೀರನ್ನು ಕುಡಿದು ಅರಳಲು ಸುಮಾರು ೬೫ರಿಂದ ೭೫ ಅಂಶದವರೆಗಿನ ಕಾವು ಬೇಕು. ಅಷ್ಟೇ ಅಲ್ಲ, ಆ ಕಾವು ಒಂದು ಕ್ಷಣ ಮುಟ್ಟಿ ಹೋದರೆ ಸಾಲದು, ಬಹಳ ಹೊತ್ತು ನಿಲ್ಲಬೇಕು. ಉಂಡೆಯ ನಡುವಿನ ಹಸಿ ಅಕ್ಕಿಯು ಬೆರಳಿಗೆ ಮೆತ್ತಗೆ ಹಿಸುಕಿಹೋಯಿತೆಂದರೆ ಅಲ್ಲಿಗೆ ಕಾವು ಹೋಗಿ ನಿಂತಿತ್ತೆಂಬುದಕ್ಕೆ ಅದೇ ಸಾಕ್ಷಿ. ಅಕ್ಕಿ ಹರಳಾಗಿದ್ದರೆ ಮಾಂಸವನ್ನೂ ನಂಬಬಾರದು. ಅನ್ನವನ್ನು ಬೆರೆಸಿದವರು ಈ ಸಾಕ್ಷಿಯನ್ನು ಕೈಯಾರೆ ಕಳೆದುಕೊಂಡಂತಾಯಿತು. ನಮ್ಮ ತಾಯಂದಿರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಬಡಿಸುವ ಮೊದಲು ಒಂದು ಉಂಡೆಯನ್ನು ಮುರಿದು ನಡುವಿನ ಅಗುಳನ್ನು ಹಿಚುಕಿ ನೋಡುತ್ತಿದ್ದರು.

ಅಕ್ಕಿ ಯಾವದು? ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಯಿಂದ ಖಾನಾಪುರದವರೆಗೆ ಮಳೆಯೇ ಒಡೆಯ. ಗದ್ದೆಗಳಲ್ಲಿ ಭತ್ತವೇ ಮುಖ್ಯ ಬೆಳೆ. ಪೇಟೆಯಲ್ಲಿ ಇಂಟಾನ್, ಇಂದ್ರಾಯಣಿ, ಬೆಳಗಾವಿ ಬಾಸುಮತಿ, ಸೋನಾ ಮಸೂರಿ ಎಂಬ ಹೆಸರುಗಳನ್ನು ಎಲ್ಲರೂ ಕೇಳಿಯೇ ಇರುತ್ತೀರಿ. ಇಂದ್ರಾಯಣಿಯು ಸುವಾಸನೆಯ ಅಕ್ಕಿ, ಬೆಂದಾಗ ಒಂದಕ್ಕೊಂದು ಅಂಟಿಕೊಳ್ಳುವದು. ಅದರ ಉಂಡೆ ಒಡೆಯುವದಿಲ್ಲ, ಆದರೆ ಮುಳ್ಳು ಏಳುವದಿಲ್ಲ. ಉದ್ದ ಕಾಳಿನ ಬಾಸುಮತಿಯಿಂದ ಮುಳ್ಳು ಚೆನ್ನಾಗಿ ಏಳುವದು, ಅಂಟು ಕಡಿಮೆ. ನಮಗೆ ಇಂಟಾನೇ ಮೆಚ್ಚುಗೆ: ಕಾಳು ತಕ್ಕಷ್ಟು ತೋರ, ಬೆಲೆಯೂ ಕೈಗೆಟುಕುವಂಥದು. ಕುಸುಬಲಕ್ಕಿಯನ್ನು ಮಾತ್ರ ಇದಕ್ಕೆ ಎಂದಿಗೂ ಹಾಕಬೇಡಿರಿ. ಅದು ಭತ್ತವಾಗಿದ್ದಾಗಲೇ ಒಮ್ಮೆ ಬೆಂದು ಒಣಗಿದ್ದರಿಂದ ಗಟ್ಟಿಯಾಗಿ, ಮತ್ತೆ ಬೇಯಲು ಬಹಳ ಹೊತ್ತು ಹಿಡಿಯುವದು. ಹೊಸ ಅಕ್ಕಿಯು ಅಂಟುತ್ತದೆ, ನೀರನ್ನು ಕಡಿಮೆ ಹೀರುತ್ತದೆ. ವರ್ಷ ದಾಟಿದ ಹಳೆಯ ಅಕ್ಕಿ ಹೆಚ್ಚು ಹೀರುತ್ತದೆ. ಸುಗ್ಗಿಯ ಹೊಸ ಅಕ್ಕಿಗೆ ಸಾಕಾದ ಗೊಜ್ಜು ಮುಂದಿನ ಮಳೆಗಾಲಕ್ಕೆ ಸಾಲದೆ ಬರುವದು ಇದಕ್ಕಾಗಿಯೇ. ಆಗ ಒಂದು ಬಟ್ಟಲು ಬಿಸಿನೀರನ್ನು ಹೆಚ್ಚಿಗೆ ಹಾಕಿಕೊಳ್ಳತಕ್ಕದ್ದು.

ಅಳತೆ ಹೀಗಿರಲಿ. ಖೀಮೆ ೫೦೦ ಗ್ರಾಂ, ಅಕ್ಕಿ ೧೦೦ ಗ್ರಾಂ; ಅಂದರೆ ಮಾಂಸದ ಐದರಲ್ಲೊಂದು ಪಾಲು. ಇದಕ್ಕಿಂತ ಹೆಚ್ಚಾದರೆ ಉಂಡೆ ಬಿರಿಯುವದು. ಅಕ್ಕಿಯನ್ನು ತೊಳೆದು ಇಪ್ಪತ್ತು ನಿಮಿಷ ನೆನೆಯಿಸಿ, ನೀರನ್ನು ಪೂರ್ಣವಾಗಿ ಬಸಿಯಬೇಕು. ಮಾಂಸವನ್ನು ಕಟುಕರವನಿಂದ ಇಡಿಯಾಗಿ ಆರಿಸಿ, ನಿಮ್ಮೆದುರಿಗೆ ಖೀಮೆ ಮಾಡಿಸಿ, ಅದೇ ದಿನ ಅಡಿಗೆ ಮಾಡಿರಿ; ಮೊದಲೇ ಮಾಡಿಟ್ಟ ಖೀಮೆಯನ್ನು ಕೊಳ್ಳಬೇಡಿರಿ. ಕೊಬ್ಬು ಕಡಿಮೆ ಕಂಡರೆ ಎರಡು ಚಮಚೆ ತುಪ್ಪವನ್ನು ಕೂಡಿಸಿರಿ. ಒಂದು ಉಳ್ಳಾಗಡ್ಡಿಯನ್ನು ಬಹಳ ಸಣ್ಣಗೆ ಹೆಚ್ಚಿಕೊಳ್ಳಬೇಕು. ದಪ್ಪ ಹೋಳು ಬಿದ್ದ ಕಡೆ ಉಂಡೆ ಸೀಳುವದು. ಹಸಿಶುಂಠಿ ಬಳ್ಳೊಳ್ಳಿಗಳ ಅರಪು ಒಂದು ಚಮಚೆ, ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ, ಅರ್ಧ ಚಮಚೆ ಮೆಣಸಿನ ಪುಡಿ, ಉಪ್ಪು ಒಂದೂವರೆ ಚಹಾಚಮಚೆ. ಗೋವೆಯ ರೂಢಿಯವರು ಇದಕ್ಕೆ ಚಿಟಿಕೆ ಲವಂಗ ದಾಲ್ಚಿನ್ನಿಯ ಪುಡಿಯನ್ನು ಹಾಕುವರು, ಹಾಕಿದರೆ ರುಚಿಯೇ. ಮೊಟ್ಟೆಯ ಅವಶ್ಯಕತೆಯಿಲ್ಲ.

ಉಪ್ಪನ್ನು ಕಡೆಗೆ ಹಾಕತಕ್ಕದ್ದು. ಉಪ್ಪು ತಗಲಿದ ಮಾಂಸವನ್ನು ನಾದಿದಷ್ಟೂ ಅದರೊಳಗಿನ ಸತ್ವವು ಅಂಟಾಗಿ ಹೊರಬರುವದು. ಉಂಡೆ ಕಟ್ಟಲು ಆ ಅಂಟು ಬೇಕು, ಹೆಚ್ಚಾದರೆ ರಬ್ಬರಿನಂತಾಗುವದು. ರೊಟ್ಟಿಯ ಹಿಟ್ಟನ್ನು ನಾದಿದ ಕೈ ಇಲ್ಲಿ ಸಲ್ಲದು. ಬೆರಳ ತುದಿಗಳಿಂದ ಒಂದು ನಿಮಿಷ ಕಲಸಿ, ಕೈಗೆ ನೀರು ಹಚ್ಚಿಕೊಂಡು, ದೊಡ್ಡ ನಿಂಬೆಯ ಹಣ್ಣಿನಷ್ಟು ಗಾತ್ರದ ಉಂಡೆಗಳನ್ನು ಬಿರುಕಿಲ್ಲದಂತೆ ಮಾಡಿಟ್ಟರೆ ಸುಮಾರು ಇಪ್ಪತ್ತು ಉಂಡೆಗಳಾಗುವವು. ಮುಷ್ಟಿಯ ಗಾತ್ರದ ಉಂಡೆ ಕಟ್ಟುವದು ಕೆಲವರಿಗೆ ದೊಡ್ಡಸ್ತಿಕೆ. ನಾವೂ ಹೊಸದಾಗಿ ಸಂಸಾರ ಹೂಡಿದಾಗ ಅತಿಥಿಗಳೆದುರು ಆ ದೊಡ್ಡಸ್ತಿಕೆಯನ್ನು ತೋರಿಸಹೋಗಿ, ಮೇಜಿನ ಮೇಲೆ ಎಲ್ಲರ ತಾಟಿನಲ್ಲಿಯೂ ಹಸಿಯ ನಡುವನ್ನು ಬಡಿಸಿದ್ದೇವೆ. ಅತಿಥಿಗಳು ಮರ್ಯಾದಸ್ಥರು, ಏನೂ ಅನ್ನಲಿಲ್ಲ. ಪಾತ್ರೆ ಮಾತ್ರ ಅರ್ಧ ತುಂಬಿದಂತೆಯೇ ಅಡಿಗೆಮನೆಗೆ ಮರಳಿತು.

ಈಗ ಗೊಜ್ಜು. ಟೊಮೆಟೊವು ನಮ್ಮ ದೇಶದ ಫಲವಲ್ಲ. ಅಮೇರಿಕ ಖಂಡದಿಂದ ಯುರೋಪಿಯನರ ಕೈಯಿಂದ ಬಂದುದು. ಹಿರಿಯರಲ್ಲಿ ಕೆಲವರು ಇದನ್ನು ಚಪ್ಪರಬದನೆಯೆಂದು ಕರೆಯುತ್ತಿದ್ದರು. ಇಂದು ಬೆಳಗಾವಿಯ ಪೇಟೆಯಲ್ಲಿ ಅದಿಲ್ಲದ ದಿನವಿಲ್ಲ. ೨೦೨೩ರ ಜುಲೈ ತಿಂಗಳಲ್ಲಿ ಕಿಲೋಕ್ಕೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಹುಣಸೆಯು ಹಳೆಯ ಅಧಿಕಾರವನ್ನು ಮರಳಿ ಪಡೆದದ್ದೂ ಉಂಟು. ಹಣ್ಣಾದ ಟೊಮೆಟೊ ೭೫೦ ಗ್ರಾಂ ತೆಗೆದುಕೊಂಡು ಕುದಿಯುವ ನೀರಿನಲ್ಲಿ ಒಂದು ನಿಮಿಷವಿಟ್ಟು ಸಿಪ್ಪೆ ಸುಲಿಯಿರಿ. ಎರಡು ಚಮಚೆ ಎಣ್ಣೆಯಲ್ಲಿ ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಬಳ್ಳೊಳ್ಳಿಗಳನ್ನು ಕೆಂಪಾಗಗೊಡದೆ ಬಾಡಿಸಿ, ಟೊಮೆಟೊ ಹಾಕಿ ಮೆತ್ತಗೆ ಕುದಿಸಿ, ಕಡಗೋಲಿನಿಂದ ಕಡೆಯಿರಿ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಒಂದು ಚಮಚೆ. ಬಣ್ಣ ಬರುವದು, ಖಾರ ಮಿತಿಮೀರುವದಿಲ್ಲ. ಅಡಿಕೆಯಷ್ಟು ಬೆಲ್ಲ, ಉಪ್ಪು. ಇಷ್ಟಕ್ಕೆ ನಿಲ್ಲಿಸಿದವರು ಮುಂದೆ ಹರಳಕ್ಕಿಯನ್ನು ತಿನ್ನಬೇಕಾಗುವದು.

ಯಾಕೆಂದರೆ ಬೇಳೆ ಬೇಯುವ ಮುನ್ನ ಹುಣಸೆಯನ್ನು ಹಾಕಿದರೆ ಬೇಳೆ ಬೇಯುವದಿಲ್ಲವೆಂಬುದು ನಮ್ಮ ಮನೆಯ ಚಿಕ್ಕ ಹುಡುಗಿಗೂ ಗೊತ್ತು. ಹುಳಿಯು ಧಾನ್ಯದ ಗೋಡೆಗಳನ್ನು ಗಟ್ಟಿಯಾಗಿಯೇ ಇಡುವದು. ಟೊಮೆಟೊವೂ ಹುಳಿಯೇ, ದಪ್ಪನ್ನ ಗೊಜ್ಜಿನಲ್ಲಿ ನೀರೂ ಕಡಿಮೆ. ಹುಳಿ ಹೆಚ್ಚು, ನೀರು ಕಡಿಮೆ, ಮೇಲೆ ಮುಚ್ಚಳವಿಲ್ಲ: ಅಕ್ಕಿ ಬೇಯದಿರುವದಕ್ಕೆ ಇನ್ನೇನು ಬೇಕು? ನಮ್ಮ ತಂಗಿಯ ಮೊದಲನೆಯ ಪ್ರಯತ್ನವು ಇಲ್ಲಿ ಸೋತಿತು. ಆಕೆ ಪೇಟೆಯ ಸೀಸೆಯಲ್ಲಿ ಸಿಕ್ಕುವ ಟೊಮೆಟೊ ಸಾಸನ್ನೇ ಸುರಿದಿದ್ದಳೆಂದು ಆಮೇಲೆ ತಿಳಿಯಿತು. ಅದರಲ್ಲಿ ಶಿರ್ಕೆಯೂ ಇರುತ್ತದೆ, ಸಕ್ಕರೆಯೂ ಇರುತ್ತದೆ, ಕುಡಿಯಲು ಅಕ್ಕಿಗೆ ನೀರೇ ಇರುವದಿಲ್ಲ. ಆದುದರಿಂದ ಕಡೆದ ಗೊಜ್ಜಿಗೆ ೩೦೦ ಮಿಲಿಲೀಟರ್ ಕುದಿಯುವ ನೀರನ್ನು ಕೂಡಿಸಿ ಸಾರಿನಂತೆ ತೆಳ್ಳಗೆ ಮಾಡಿಕೊಳ್ಳಿರಿ. ತೆಳ್ಳಗಾಯಿತೆಂದು ಅಂಜಬೇಡಿರಿ. ಅಕ್ಕಿಯು ತನ್ನ ಪಾಲನ್ನು ಕುಡಿಯುವದು. ಕಡೆಯ ಕಾವು ಮಿಕ್ಕದ್ದನ್ನು ಹದಕ್ಕೆ ತರುವದು. ಶಿರ್ಕೆ ಬೇಕೆನ್ನುವವರು ಅಕ್ಕಿ ಬೆಂದ ಮೇಲೆ ಒಂದು ಚಮಚೆ ಹಾಕಿಕೊಳ್ಳಲಿ.

ಪಾತ್ರೆಯ ವಿಷಯ ಎರಡು ಮಾತು. ಹುಳಿಯ ಪದಾರ್ಥವನ್ನು ಕಲಾಯಿ ಹೋದ ಹಿತ್ತಾಳೆಯಲ್ಲಿ ಮಾಡಿದರೆ ಕಿಲುಬೇಳುವದೆಂಬುದನ್ನು ಹಿರಿಯರು ಬಲ್ಲರು. ನಮ್ಮಲ್ಲಿ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಮ್ ಪಾತ್ರೆಯೂ ಹುಳಿಗೆ ಸವೆದು ಗೊಜ್ಜಿಗೆ ಲೋಹದ ರುಚಿಯನ್ನು ಕೊಡುವದು. ಗಾಜಿನ ಬೇಕಿಂಗ್ ತಾಟು, ಚೀನಿಮಣ್ಣಿನದು, ಸ್ಟೀಲಿನದು ಇವು ನಡೆಯುತ್ತವೆ. ಆದರೆ ಖಾನಾಪುರದವರಿಗೆ ಮನೆಯ ಬಾಗಿಲಲ್ಲಿಯೇ ಇದಕ್ಕಿಂತ ಒಳ್ಳೆಯದಿದೆ. ಅಲ್ಲಿಯ ಜೇಡಿಯು ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗದವರ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯನ್ನು ಖಾನಾಪುರದಲ್ಲಿಯೇ ಸ್ಥಾಪಿಸಿದ್ದಾರೆ. ಹೊಳಪು ಬಳಿಯದ ಅಗಲವಾದ ಮಣ್ಣಿನ ಪಾತ್ರೆಯು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಹುಳಿಗೆ ಅಂಜುವದಿಲ್ಲ, ಮುದಿ ಮಾಂಸಕ್ಕೆ ಬೇಕಾದ ಸಮನಾದ ಕಾವನ್ನು ಕೊಡುತ್ತದೆ. ಹೊಸ ಪಾತ್ರೆಯನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ಗಂಜಿ ಕಾಸಿ, ಪಳಗಿಸಬೇಕು. ತಣ್ಣಗಿರುವ ಮಣ್ಣಿಗೆ ಕುದಿಯುವ ಗೊಜ್ಜನ್ನು ಸುರಿದರೆ ಸೀಳುವದು. ಆದುದರಿಂದ ಮೊದಲು ಬೆಚ್ಚನ್ನ ನೀರನ್ನು ತುಂಬಿ ಚೆಲ್ಲಿ, ಗೊಜ್ಜಿನ ಕುದಿ ಇಳಿದ ಮೇಲೆ ಹಾಕತಕ್ಕದ್ದು.

ಪಾತ್ರೆಯ ತಳದಲ್ಲಿ ಸ್ವಲ್ಪ ಗೊಜ್ಜು ಹಾಕಿ, ಉಂಡೆಗಳನ್ನು ಒಂದೇ ಪದರಾಗಿ, ನಡುನಡುವೆ ಬೆರಳಷ್ಟು ಜಾಗ ಬಿಟ್ಟು ಜೋಡಿಸಿರಿ. ಅಕ್ಕಿ ಉಬ್ಬಿದಾಗ ಅವು ದೊಡ್ಡವಾಗುತ್ತವೆ. ಉಂಡೆಯ ಮುಕ್ಕಾಲು ಪಾಲು ಮುಳುಗುವಂತೆ ಗೊಜ್ಜನ್ನು ಸುರಿದು ಬಿಗಿಯಾಗಿ ಮುಚ್ಚಬೇಕು. ಮೇಲಿನ ಕಾಲು ಪಾಲು ಹಬೆಯಿಂದಲೇ ಬೇಯಬೇಕಾದ್ದರಿಂದ ಹಬೆ ಹೊರಗೆ ಹೋಗಬಾರದು. ಮುಚ್ಚಳವು ಸಡಿಲವಿದ್ದರೆ ಕಣಕದಿಂದ ಅಂಚನ್ನು ಮೆತ್ತಿರಿ. ಬೆಳ್ಳಿಬಣ್ಣದ ತಗಡಿನ ಹಾಳೆಯನ್ನು ಮುಚ್ಚುವವರು ಅದು ಗೊಜ್ಜಿಗೆ ತಾಗದಂತೆ ನೋಡಿಕೊಳ್ಳಲಿ. ಹುಳಿಗೆ ಅದೂ ತೂತು ಬೀಳುವದು.

ಓವನ್ನಿನಲ್ಲಿ ೧೮೦ ಅಂಶದ ಕಾವು. ಕುರಿಯ ಖೀಮೆಗೆ ಒಂದು ಗಂಟೆ ಸಾಕು. ಎಮ್ಮೆಯದಕ್ಕೆ ಮುಚ್ಚಿ ಒಂದೂವರೆ ಗಂಟೆ, ಆಮೇಲೆ ಮುಚ್ಚಳ ತೆಗೆದು ಕಾಲು ಗಂಟೆ. ನಡುವೆ ಒಮ್ಮೆ ನೋಡಿ, ಗೊಜ್ಜು ಇಂಗಿದ್ದರೆ ಬಿಸಿನೀರನ್ನು ಬದಿಯಿಂದ ಬಿಡಿರಿ. ಓವನ್ನು ಇಲ್ಲದವರು ಎದೆಗುಂದಬೇಕಾಗಿಲ್ಲ. ನಾವು ಚಿಕ್ಕವರಿದ್ದಾಗ ಓವನ್ನು ಯಾರ ಮನೆಯಲ್ಲಿತ್ತು? ದಪ್ಪ ತಳದ ಪಾತ್ರೆಯನ್ನು ಇದ್ದಲಿಯ ಸಿಗಡಿಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಹೆಚ್ಚು ಜನರ ಊಟವಿದ್ದ ದಿನ ತಾಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕ್ಯಾಂಪಿನ ಬೇಕರಿಗೆ ಒಯ್ಯುವದಿತ್ತು. ರೊಟ್ಟಿ ತೆಗೆದ ಮೇಲೆ ಕಟ್ಟಿಗೆಯ ಭಟ್ಟಿಯಲ್ಲಿ ಉಳಿಯುವ ಕಾವು ತಾನಾಗಿ ಇಳಿಯುತ್ತ ಹೋಗುತ್ತದೆ. ಹೆಚ್ಚಿನ ಕಾವಿನಿಂದ ಆರಂಭವಾಗಿ ಮೆಲ್ಲನೆ ತಗ್ಗುವ ಆ ಬಗೆಯು ಬಿರುಸು ಮಾಂಸಕ್ಕೆ ಹೇಳಿ ಮಾಡಿಸಿದಂತಿತ್ತು. ತಾಟು ಮರಳಿ ಬರುವವರೆಗೆ ಬೇಕರಿಯ ಕಟ್ಟೆಯ ಮೇಲೆ ಕುಳಿತು ಕಾಯುವ ಕೆಲಸ ನಮ್ಮದು. ಬಿಸಿ ಪಾವಿನ ಒಂದು ತುಂಡು ಅದಕ್ಕೆ ಸಂಬಳ. ಈಗಿನ ತಾಯಂದಿರಿಗೆ ಪ್ರೆಶರ್ ಕುಕ್ಕರು ಇದೆ. ಅದರಲ್ಲಿ ಕಾವು ೧೨೦ ಅಂಶದ ಸಮೀಪಕ್ಕೆ ಏರುವದರಿಂದ ಮೊದಲ ಸೀಟಿಯ ತರುವಾಯ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಸಾಕು. ಅದು ತಾನಾಗಿ ಆರಿದ ಮೇಲೆ ತೆರೆದು, ಅಗಲ ಪಾತ್ರೆಗೆ ಸರಿಸಿ, ಓವನ್ನಿನಲ್ಲಾಗಲಿ ಕೆಂಡದಡಿಯಲ್ಲಾಗಲಿ ಮೇಲ್ಭಾಗವನ್ನು ಕಂದಿಸಿದರೆ ಭಟ್ಟಿಯ ರುಚಿಯು ಮುಕ್ಕಾಲು ಪಾಲಾದರೂ ಬರುವದು. ಮುಕ್ಕಾಲು ಪಾಲೆಂದು ಹೇಳುವದರಲ್ಲಿ ನಮ್ಮ ಹಳೆಯ ಕಾಲದ ಅಭಿಮಾನವೂ ಸ್ವಲ್ಪ ಇದ್ದೀತು.

ಬೆಂದಿತೆಂದು ತಿಳಿದ ಮೇಲೂ ನಡುವಿನ ಉಂಡೆಯೊಂದನ್ನು ಮುರಿದು ಅಗುಳನ್ನು ಹಿಚುಕಿ ನೋಡುವದನ್ನು ಮರೆಯಬೇಡಿರಿ. ಬದಿಯ ಉಂಡೆಯು ಬೇಗ ಬೇಯುತ್ತದೆ. ಅದರ ಸಾಕ್ಷಿ ಸಾಲದು. ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟರೆ ಉಂಡೆಗಳು ಬಿಗಿದುಕೊಂಡು, ಬಡಿಸುವಾಗ ಒಡೆಯುವದಿಲ್ಲ. ಇದಕ್ಕೆ ಪಾವು ಒಳ್ಳೆಯ ಜೊತೆ. ಖಾನಾಪುರದ ಕಡೆ ಬಿಳಿ ಅನ್ನದ ಮೇಲೆ ಗೊಜ್ಜನ್ನು ಸುರಿದುಕೊಳ್ಳುವರು. ಅಕ್ಕಿಯ ಮೇಲೆ ಅಕ್ಕಿಯೆಂದು ಬೆಳಗಾವಿಯವರು ನಗುತ್ತಾರೆ, ಆದರೂ ಎರಡನೆಯ ಸಲ ಬಡಿಸಿಕೊಳ್ಳುತ್ತಾರೆ.

ನಮ್ಮ ಮನೆಗಳಿಗೆ ಬರುವ ಗೆಳತಿಯರಲ್ಲಿ ದೊಡ್ಡ ಮಾಂಸವನ್ನು ಮುಟ್ಟದವರು ಬಹಳ ಜನ. ಮಾಂಸವನ್ನೇ ತಿನ್ನದವರು ಇನ್ನೂ ಬಹಳ ಜನ. ಒಳಗೆ ಏನಿದೆಯೆಂಬುದನ್ನು ಹೇಳದೆ ಬಡಿಸುವದು ಅಪರಾಧವೆಂದೇ ನಾವು ತಿಳಿದಿದ್ದೇವೆ. ಅಂಥ ದಿನ ಕುರಿಯ ಖೀಮೆಯಿಂದ ಮಾಡಿದರೆ ಅಳತೆಯಲ್ಲೇನೂ ಬದಲಿಲ್ಲ, ತುಪ್ಪವನ್ನು ಬಿಡಬಹುದು. ಮಾಂಸ ತಿನ್ನದವರಿಗಾಗಿ ಬೇಯಿಸಿದ ಆಲೂಗಡ್ಡೆ, ಗಜ್ಜರಿ, ತುಸು ಕಡಲೆಹಿಟ್ಟು ಸೇರಿಸಿ ಉಂಡೆ ಕಟ್ಟುವದಾದರೆ ಮೇಲೆ ಹೇಳಿದ ನಿಯಮವು ತಲೆಕೆಳಗಾಗುವದು: ಅಲ್ಲಿ ರಸ ಬಿಡುವ ಮಾಂಸವಿಲ್ಲದ್ದರಿಂದ ಹಸಿ ಅಕ್ಕಿಯು ಬೇಯದು, ಅನ್ನವನ್ನೇ ಬೆರೆಸಬೇಕು. ಅದನ್ನು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಿಂದ ಮಾಡತಕ್ಕದ್ದು.

ಉಳಿದ ಉಂಡೆಗಳು ಮರುದಿನ ಇನ್ನೂ ರುಚಿ ಎಂಬುದು ನಿಜ. ಆದರೆ ರಾತ್ರಿಯೆಲ್ಲ ಒಲೆಯ ಕಟ್ಟೆಯ ಮೇಲೆ ಬಿಟ್ಟು ಬೆಳಿಗ್ಗೆ ಕಾಸಿ ಕೊಡುವ ಹಳೆಯ ರೂಢಿಯನ್ನು ಬಿಡಬೇಕು. ಬೆಂದ ಅಕ್ಕಿಯಲ್ಲಿ ಉಳಿಯುವ ಒಂದು ಜಾತಿಯ ಕ್ರಿಮಿಬೀಜವು ಕುದಿತಕ್ಕೂ ಸಾಯುವದಿಲ್ಲ. ಬೆಚ್ಚಗಿದ್ದಲ್ಲಿ ಅದು ಬೆಳೆದು ಬಿಡುವ ವಿಷವನ್ನು ಮತ್ತೆ ಕಾಸುವದರಿಂದ ಕಳೆಯಲಾಗುವದಿಲ್ಲ. ಊಟವಾದ ಎರಡು ಗಂಟೆಯೊಳಗೆ ಅಗಲ ತಾಟಿನಲ್ಲಿ ಆರಿಸಿ ತಂಪುಪೆಟ್ಟಿಗೆಯಲ್ಲಿಟ್ಟು, ಮರುದಿನ ಸ್ವಲ್ಪ ನೀರು ಕೂಡಿಸಿ ನಡುವಿನವರೆಗೆ ಬಿಸಿಯಾಗುವಂತೆ ಕುದಿಸಿ, ಒಂದೇ ಸಲ ಮುಗಿಸಿಬಿಡಿರಿ. ಖಾನಾಪುರದ ತಂಗಿಗೆ ಈ ಅಳತೆಯನ್ನು ಮೊದಲೇ ಬರೆದು ಕಳಿಸಿದ್ದೆವು. ಇಂಟಾನ್ ಅಕ್ಕಿ, ಕುಂಬಾರರ ಪಾತ್ರೆ, ಮೇಲೂ ಕೆಳಗೂ ಕೆಂಡ ಇಟ್ಟು ಮಾಡಿದಳಂತೆ. ಅಕ್ಕಿ ಬೆಂದಿತು, ಉಂಡೆ ಒಡೆಯಲಿಲ್ಲ. ಅವ್ವನದಕ್ಕಿಂತ ಉಪ್ಪು ತುಸು ಕಡಿಮೆಯೆಂದು ಆಕೆಯ ಅಣ್ಣನ ಅಭಿಪ್ರಾಯ.